ಇಲಿ ಹಿಡಿಯದ ಬೋನು

ಜೂನ್ ಹದಿನಾಲ್ಕು, ಮಂಗಳವಾರ. ಮೋಡ ಕವಿದಿತ್ತು, ಮಳೆ ಬರಲಿಲ್ಲ. ಹೆಂಡತಿ ಮಕ್ಕಳೆಲ್ಲ ಬೆಕ್ಕಿನ ಪಾಲಾಗಿದ್ದ ಮುದಿ ಇಲಿಯೊಂದು ಸಾಯಬೇಕೆಂದೇ ಅಡುಗೆಮನೆಯ ಬೋನಿನೊಳಗೆ ಹೊಕ್ಕು ಕೊಬ್ಬರಿ ಚೂರನ್ನು ಎಳೆಯಿತು. ಬಾಗಿಲು ಬೀಳಲಿಲ್ಲ.

"ತುಕ್ಕು ಹಿಡಿದಿದೆ ರಾಯರೇ, ನಾಳೆ ಬನ್ನಿ" ಎಂದಿತು ಬೋನು.

"ಸಾಯುವುದಕ್ಕೂ ನಾಳೆ ಬಾ ಅನ್ನಿಸಿಕೊಳ್ಳಬೇಕೆ?"

"ಕೊಬ್ಬರಿ ತಿಂದು ಹೋಗಿ. ಬಡಕಲು ಇಲಿಯನ್ನು ಹಿಡಿದರೆ ನನಗೇ ಅವಮಾನ."

ಇಲಿ ಮರುದಿನ ಬಂತು, ಅದರ ಮರುದಿನವೂ ಬಂತು. ಬರಬರುತ್ತಾ ಸಾವಿನ ವಿಚಾರ ಹಿಂದಾಗಿ, ಬೆಕ್ಕಿನ ಗೊರಕೆಯನ್ನು ಅಣಕಿಸಿ ಇಬ್ಬರೂ ನಗುವುದೇ ಮುಖ್ಯವಾಯಿತು.

ಒಂದು ದಿನ ಮನೆಯೊಡತಿ ಗಿರಿಜವ್ವ ಬೋನಿಗೆ ಎಣ್ಣೆ ಬಿಟ್ಟು, ಹೊಸ ಕೊಬ್ಬರಿ ಸಿಕ್ಕಿಸಿದಳು. "ನಾಳೆಯೂ ಖಾಲಿ ಇದ್ದರೆ ಗುಜರಿಗೆ ಹಾಕುತ್ತೇನೆ" ಎಂದಳು.

ಸಂಜೆ ಇಲಿ ಮಾತಾಡುತ್ತಲೇ ಒಳಗೆ ಬಂದು ಕೊಬ್ಬರಿ ಎಳೆಯಿತು. ಬೋನು ಮೈಯೆಲ್ಲ ಬಿಗಿಹಿಡಿದು ಬಾಗಿಲನ್ನು ಬೀಳಗೊಡಲಿಲ್ಲ.

"ಇನ್ನೂ ತುಕ್ಕೇ?" ಎಂದು ಇಲಿ ನಕ್ಕಿತು.

"ಇನ್ನೂ ತುಕ್ಕೇ. ನಿಧಾನವಾಗಿ ತಿನ್ನಿ."

ಮರುದಿನ ಬೋನು ಇರಲಿಲ್ಲ. ಇಲಿ ವಿಚಾರಿಸಿದಾಗ ಮೂಲೆಯ ಪೊರಕೆ ನಡೆದದ್ದನ್ನೆಲ್ಲ, ಎಣ್ಣೆಯ ಸಂಗತಿಯನ್ನೂ ಹೇಳಿತು.

ಇಲಿ ಬೋನಿದ್ದ ಜಾಗವನ್ನು ಮೂಸಿ, "ಗುಜರಿಯವನು ಅದಕ್ಕೆ ಏನು ಕೊಟ್ಟ?" ಎಂದು ಕೇಳಿತು.

"ಒಂದು ಹಿಡಿ ಬೆಳ್ಳುಳ್ಳಿ."