ಸಡಿಲಾದ ತಿರುಪು

ನದಿ ದಂಡೆಯ ಆಶ್ರಮವೊಂದರಲ್ಲಿ ಗುರು ನಿರ್ವಾಣಪ್ಪನವರು ಆಕಾಶದ ಚಿತ್ರ ತೆಗೆಯುವುದನ್ನು ಕಲಿಸುತ್ತಿದ್ದರು. ಆಶ್ರಮದ ಹಿತ್ತಲೇ ಅವರ ಪಾಠಶಾಲೆ.

ತಿಪ್ಪೇಶ ಹಿರಿಯ ಶಿಷ್ಯ. ಕಲಾವತಿ ಅವನ ನಂತರ ಬಂದವಳು. ಅವಳ ಟೆಲಿಸ್ಕೋಪ್ ಪುಟ್ಟದು. ಚಿತ್ರಗಳು ಮಾತ್ರ ಅವನವಕ್ಕಿಂತ ಚೆನ್ನಾಗಿ ಬರುತ್ತಿದ್ದವು.

ತಿಪ್ಪೇಶ ಹಟಕ್ಕೆ ಬಿದ್ದು ದೊಡ್ಡ ಟೆಲಿಸ್ಕೋಪ್ ತಂದ. ಚಿತ್ರದಲ್ಲಿ ನಕ್ಷತ್ರಗಳೆಲ್ಲ ಗೆರೆಗಳಾದವು.

"ಟೆಲಿಸ್ಕೋಪ್ ಕೂರಿಸುವ ನಿನ್ನ ಈ ಮೌಂಟ್ ಇಷ್ಟು ಭಾರ ಹೊತ್ತುಕೊಂಡು ಆಕಾಶದ ಜೊತೆ ತಿರುಗಲಾರದು," ಎಂದರು ಗುರುಗಳು. "ಮೊದಲು ಕಾಲು ಗಟ್ಟಿ ಮಾಡಿಕೋ. ಕಣ್ಣು ಆಮೇಲೆ."

"ಅಲ್ಲಿಯವರೆಗೆ ಅವಳಿಗಿಂತ ಹಿಂದೆಯೇ ಉಳಿಯಲೇ?"

"ನಾನು ಅವಳ ಮಾತೇ ಎತ್ತಲಿಲ್ಲವಲ್ಲ."

ತಿಪ್ಪೇಶ ಗಟ್ಟಿ ಮೌಂಟ್ ಹೊಂದಿಸಿಕೊಂಡ. ಗೆರೆಗಳು ಚುಕ್ಕೆಗಳಾದವು. ಹೊಟ್ಟೆಯುರಿ ಮಾತ್ರ ಆರಲಿಲ್ಲ. ಕಲಾವತಿಯ ಚಿತ್ರ ನೋಡಿ ಗುರುಗಳು ತಲೆದೂಗಿದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

ಮಳೆಗಾಲ ಮುಗಿದು ಆಕಾಶ ತಿಳಿಯಾಯಿತು. ಅಂದು ಸಂಜೆ ಕಲಾವತಿ ಎಲ್ಲ ಹೊಂದಿಸಿಟ್ಟು ನದಿಗೆ ಹೋಗಿದ್ದಳು. ತಿಪ್ಪೇಶ ಅವಳ ಮೌಂಟಿನ ಬುಡದ ತಿರುಪನ್ನು ಸಡಿಲಿಸಿದ.

ಬೆಳಿಗ್ಗೆ ಅವಳು ಅವನನ್ನೇ ಹುಡುಕಿಕೊಂಡು ಬಂದಳು.

"ಅಣ್ಣಾ, ಮಳೆ ನಿಲ್ಲಲಿ ಅಂತ ಎಷ್ಟು ಕಾದಿದ್ದೆ. ಎಲ್ಲಾ ಹಾಳಾಯ್ತು. ಮೌಂಟ್ ಎಲ್ಲೋ ಜಾರ್ತಿದೆ. ಸ್ವಲ್ಪ ನೋಡ್ತೀರಾ?"

ತಿಪ್ಪೇಶ ಬಗ್ಗಿ ಅದೇ ತಿರುಪನ್ನು ಬಿಗಿ ಮಾಡಿದ. ತಲೆಯೆತ್ತಿ ಅವಳ ಮುಖ ನೋಡಲಾಗಲಿಲ್ಲ.

ನೇರ ಗುರುಗಳ ಬಳಿ ಹೋದ.

"ಅವಳ ತಿರುಪು ಸಡಿಲಿಸಿದ್ದು ನಾನೇ. ಅವಳ ಚಿತ್ರ ಕೆಟ್ಟಿತು. ಆದರೂ ನನಗೆ ಖುಷಿಯಾಗಲಿಲ್ಲ ಗುರುಗಳೇ."

"ನಿನ್ನೆ ರಾತ್ರಿ ನೀನು ತೆಗೆದ ಚಿತ್ರ ಎಲ್ಲಿ?"

ಅವನು ಕ್ಯಾಮೆರಾ ಕೊಟ್ಟ. ಗುರುಗಳು ಬಹಳ ಹೊತ್ತು ನೋಡಿದರು.

"ನೀನು ಇದುವರೆಗೆ ತೆಗೆದವುಗಳಲ್ಲೆಲ್ಲ ಇದೇ ಚೆಂದ. ದೊಡ್ಡ ಗ್ಯಾಲಕ್ಸಿಯ ಪಕ್ಕದಲ್ಲಿ ಪುಟ್ಟದೊಂದು ಮೂಡಿದೆಯಲ್ಲ, ನೋಡಿದೆಯಾ?"

"ಇಲ್ಲ. ಎದ್ದಾಗಿನಿಂದ ಅವಳ ಚಿತ್ರ ಏನಾಯಿತೆಂಬುದೇ ತಲೆಯಲ್ಲಿತ್ತು."

"ಹೋಗಿ ಅವಳಿಗೆ ನಿಜ ಹೇಳು."

ತಿಪ್ಪೇಶ ಹೋಗಿ ಹೇಳಿದ. ಕಲಾವತಿಯ ಕಣ್ಣು ತುಂಬಿತು.

"ನಿಮ್ಮನ್ನೇ ನಂಬಿ ಕರೆದೆನಲ್ಲ ನಾನು! ಇನ್ನು ನನ್ನ ಸಾಮಾನು ಮುಟ್ಟಬೇಡಿ."

ಅಷ್ಟು ಹೇಳಿ ಒಳಗೆ ಹೋದಳು.

ತಿಪ್ಪೇಶ ಮರಳಿ ಬಂದು ಗುರುಗಳ ಎದುರು ಕೂತ.

"ಅವಳು ಕ್ಷಮಿಸಲಿಲ್ಲ. ಇವತ್ತು ಸಂಜೆ ಅದೇ ಹಿತ್ತಲಲ್ಲಿ, ಅವಳ ಪಕ್ಕದಲ್ಲಿ, ನಾನು ಹೇಗೆ ನಿಲ್ಲಲಿ?"

ಗುರುಗಳು ಕ್ಯಾಮೆರಾವನ್ನು ಅವನ ಕೈಗಿಟ್ಟರು.

"ಮೇಲೆ ನೋಡಿಕೊಂಡು ನಿಲ್ಲು."