ಮೂರನೆಯ ಸಾಲಿನ ಉಸಿರು

"ಅಯ್ಯನವರೇ, ನಾಳಿದ್ದು ನಾನು ಬೋಧನೆಗೆಂದು ಜರ್ಮನಿಗೆ ಹೊರಡಬೇಕು. ಅಲ್ಲಿ ನಮ್ಮ ಲೂಥರನ್ ಕ್ರೈಸ್ತ ಸಭೆಗೆ ಊರಿಗೊಂದು ಗೋಪುರದ ಚರ್ಚಂತೆ. ನಾರ್ವೆಯಲ್ಲಿ ರಾಜನೇ ಆ ಸಭೆಯವನು. ಟಾಂಜಾನಿಯದಲ್ಲಿ ಅದು ಆಸ್ಪತ್ರೆಗಳನ್ನೇ ನಡೆಸುತ್ತದೆ. ನಮ್ಮದು ಮೂವತ್ತು ಮನೆಯ ಸಭೆ. ಅವರ ಮುಂದೆ ನಿಂತು ನಾನು ಏನೆಂದು ಬೋಧಿಸಲಿ?"

ಸೈಲಸ್ ತಲೆ ತಗ್ಗಿಸಿ ಕೇಳಿದ. ಅವನಿಗೆ ನಿಜಕ್ಕೂ ನಾಚಿಕೆಯಾಗಿತ್ತು. ಹೋಗುವುದಿಲ್ಲ ಎಂದು ಹೇಳಿಬಿಡುವ ಯೋಚನೆಯೂ ಇತ್ತು.

"ಹೊರಡುವ ಮೊದಲೇ ಕೈಕಾಲು ಬಿಟ್ಟೆಯಾ? ಕೂತುಕೋ," ಎಂದರು ಗುರುಗಳಾದ ಯಾಕೋಬಯ್ಯನವರು. ಆಮೇಲೆ ಈ ಕತೆ ಹೇಳಿದರು.

ಜರ್ಮನಿಯಿಂದ ಒಬ್ಬ ಪಾದ್ರಿ ಒಂದು ಊರಿಗೆ ಬಂದ. ಅವನಿಗೆ ಉಬ್ಬಸ. ಜನರಿಗೆ ತನ್ನ ದೇಶದ ಒಂದು ಹಾಡು ಕಲಿಸುವಾಗ ಮೂರನೆಯ ಸಾಲಿನ ನಡುವೆ ಉಸಿರು ಕಟ್ಟುತ್ತಿತ್ತು. ಅವನು ಎದೆ ಹಿಡಿದು ನಿಲ್ಲುತ್ತಿದ್ದ. ಜನರೂ ನಿಲ್ಲುತ್ತಿದ್ದರು. ಉಸಿರು ಬಂದ ಮೇಲೆ ಎಲ್ಲರೂ ಒಟ್ಟಿಗೆ ಮುಂದುವರಿಯುತ್ತಿದ್ದರು.

ಮಹಾಯುದ್ಧ ಬಂತು. ಶತ್ರುದೇಶದವನೆಂದು ಬ್ರಿಟಿಷ್ ಸರಕಾರ ಪಾದ್ರಿಯನ್ನು ಹಡಗು ಹತ್ತಿಸಿತು. ಇನ್ನು ಈ ಸಭೆಯವರ ಕತೆ ಮುಗಿಯಿತು ಎಂದು ಊರವರು ಆಡಿಕೊಂಡರು. ಮುಗಿಯುವುದೆಲ್ಲಿ ಬಂತು! ಆ ಭಾನುವಾರ ಸಭೆಯವರು ತಾವೇ ಗಂಟೆ ಬಾರಿಸಿದರು, ತಾವೇ ಪ್ರಸಂಗ ಮಾಡಿದರು, ತಾವೇ ಹಾಡಿದರು. ಆ ಹಾಡಿನ ಮೂರನೆಯ ಸಾಲಿನಲ್ಲಿ ನಿಂತು, ಆಮೇಲೆ ಮುಂದೆ ಹಾಡಿದರು. ಅವರ ಮಕ್ಕಳೂ ಹಾಗೆಯೇ ಕಲಿತರು.

ಎಷ್ಟೋ ಕಾಲದ ಮೇಲೆ ಜರ್ಮನಿಯಿಂದ ಒಬ್ಬ ಸಂಗೀತ ಪಂಡಿತ ಬಂದ. ಹಾಡು ಕೇಳಿ ಹುಬ್ಬು ಗಂಟಿಕ್ಕಿದ.

"ಇಲ್ಲಿ ನಿಲ್ಲಬಾರದು. ತಪ್ಪಾಗಿ ಹಾಡುತ್ತಿದ್ದೀರಿ, ತಿದ್ದಿಕೊಳ್ಳಿ."

ಒಬ್ಬ ಮುದುಕಿ ಎದ್ದು ನಿಂತಳು. "ತಪ್ಪಲ್ಲ ಸ್ವಾಮಿ. ನಮ್ಮ ಪಾದ್ರಿಯವರಿಗೆ ಅಲ್ಲಿ ಉಸಿರು ಸಾಲುತ್ತಿರಲಿಲ್ಲ. ಅವರನ್ನು ಬಿಟ್ಟು ಮುಂದೆ ಹೋಗುವ ಜನ ನಾವಲ್ಲ."

ಪಂಡಿತ ಆ ಪಾದ್ರಿಯ ಹೆಸರು ಕೇಳಿದ. ಮುದುಕಿ ಹೇಳಿದಳು. ತನ್ನ ದೇಶದಲ್ಲಿ ಅವನು ಆ ಹೆಸರನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ. ಮುಂದಿನ ಭಾನುವಾರ ಅವನೂ ಹಾಡಿದ, ಮೂರನೆಯ ಸಾಲಿನಲ್ಲಿ ಅವನೂ ನಿಂತ.

ಕತೆ ಕೇಳುತ್ತ ಸೈಲಸ್ ತಲೆಯೆತ್ತಿದ. ಚಿಕ್ಕಂದಿನಿಂದ ಪ್ರತಿ ಭಾನುವಾರ ಅವನು ಮೂರನೆಯ ಸಾಲಿನಲ್ಲಿ ನಿಂತೇ ಹಾಡಿದ್ದ. ಹಾಡು ಇರುವುದೇ ಹಾಗೆ ಎಂದುಕೊಂಡಿದ್ದ.

"ಅಯ್ಯನವರೇ, ಅದು ನಮ್ಮ ಸಭೆಯೇ?"

"ಮತ್ತೆ ಯಾರದು? ಜರ್ಮನಿಯ ಚರ್ಚಿನಲ್ಲಿ ಆ ಹಾಡು ಹಾಡುವಾಗಲೂ ನೀನು ಅಲ್ಲೇ ನಿಲ್ಲು. ಅವರ ಮನುಷ್ಯನಿಗಾಗಿ ಅವರೂ ಸ್ವಲ್ಪ ಕಾಯಲಿ."