ಜಟ್ಟು ಹಿಡಿದ ಹಗ್ಗ

ಹೊಳೆ ಕಡಲು ಸೇರುವ ಅಳಿವೆಯ ದಂಡೆಯಲ್ಲಿ ಹೊನ್ನಿ ಅಂತ ಒಬ್ಬಳಿದ್ದಳು, ಅವಳಿಗೆ ಜಟ್ಟು ಅಂತ ಒಬ್ಬ ಮಗನಿದ್ದ. ಆಳು ತೆಂಗಿನಮರದಷ್ಟು ಎತ್ತರ, ಅಬ್ಬೆಯ ಮಾತು ಮೀರಿದವನಲ್ಲ. ಹೊನ್ನಿಯ ಸಂಕಟವೂ ಅದೇ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಗಂಡ ತೀರಿಕೊಂಡಿದ್ದ. ಮಗನಿಗೆ ಯಾರದಾದರೂ ದೋಣಿಯಲ್ಲಿ ಜಾಗ ಸಿಕ್ಕರೆ ತಾನು ಕಣ್ಣು ಮುಚ್ಚಿದ ಮೇಲೂ ಅವನ ಗಂಜಿಗೆ ದಾರಿಯಾದೀತು ಎಂಬುದೊಂದೇ ಅವಳ ಆಸೆ.

ಆ ವರ್ಷ ನವರಾತ್ರಿ ಕಳೆದದ್ದೇ ಬಿರುಗಾಳಿ ಎದ್ದಿತು. ಬೀಸಿತು, ಬೀಸಿತು, ಬೀಸಿ ಬೀಸಿ ತನಗೇ ಸಾಕಾಗಿ ಒಂದು ಬೆಳಗ್ಗೆ ಸುಮ್ಮನೆ ಮಲಗಿಬಿಟ್ಟಿತು.

"ಹೋಗು ಮಗಾ, ಕಡಲು ನೋಡ್ಕೊಂಡು ಬಾ" ಅಂದಳು ಹೊನ್ನಿ.

ಜಟ್ಟು ಹೋದ, ನೋಡಿದ, ಬಂದ.

"ಹೇಗಿದೆ?"

"ಅಲ್ಲೇ ಇದೆ, ಅಬ್ಬೆ."

ಹೊನ್ನಿ ತಾನೇ ಹೋಗಿ ನೋಡಿದಳು. ಕಡಲು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿ, ನಿದ್ದೆಯಲ್ಲಿ ಉಸಿರಾಡುವವರ ಎದೆಯ ಹಾಗೆ ಮೆಲ್ಲಗೆ ಏರುತ್ತ ಇಳಿಯುತ್ತ ಇತ್ತು. ಎಲ್ಲಿಯದೋ ಮರದ ದಿಮ್ಮಿ, ಯಾರದೋ ತೋಟದ ತೆಂಗಿನಕಾಯಿ, ಎಲ್ಲವೂ ಹೋಗುವ ಅವಸರವಿಲ್ಲದೆ ತೇಲುತ್ತಿದ್ದವು. ಹಕ್ಕಿಗಳು ದಡದ ಹತ್ತಿರವೇ ಸುತ್ತುತ್ತಿದ್ದವು. ಕಲಕಿದ ನೀರಿಗೆ ಮೀನು ದಡದತ್ತ ಬಂದಿದೆ ಅಂತ ಅವಳಿಗೆ ತಿಳಿಯಿತು.

ದೋಣಿ ನಡೆಸುವ ಹಿರಿಯ ಗೋಯ್ದ ತಾಂಡೇಲನ ಕಾಲು ಹಿಡಿದು ಮಗನನ್ನು ಕೆಲಸಕ್ಕೆ ಒಪ್ಪಿಸಿದಳು. "ಗೋಯ್ದ ಮಾವ ಕೈಗೆ ಕೊಟ್ಟದ್ದನ್ನು ನಾಚಿಕೆ ಮಾಡದೆ ತಿನ್ನು" ಅಂತ ಹೇಳಿ ಕಳಿಸಿದಳು.

ಗೋಯ್ದ ಅವನ ಕೈಗೆ ಕೊಟ್ಟದ್ದು ಗಾಳಕ್ಕೆ ಚುಚ್ಚುವ ಹಸಿ ಸಿಗಡಿ. ಜಟ್ಟು ನಾಚಿಕೆ ಮಾಡಲಿಲ್ಲ. ಗೋಯ್ದ ಗಾಳ ಬಿಚ್ಚಿ ತಿರುಗುವಷ್ಟರಲ್ಲಿ ಬುಟ್ಟಿ ಖಾಲಿ.

"ಅಯ್ಯೋ ಪೆದ್ದೇ, ಅದು ತಿನ್ನೋದಲ್ಲ" ಅಂತ ಮನೆಯಲ್ಲಿ ಹೊನ್ನಿ ಬೈದಳು. "ಅದನ್ನ ನೀರಿಗೆ ಬಿಡಬೇಕು. ಬಿಟ್ಟರೆ ಅದು ತನಗಿಂತ ದೊಡ್ಡದನ್ನ ಕರಕೊಂಡು ಬರ್ತದೆ."

"ಹಾಗೇ ಆಗಲಿ, ಅಬ್ಬೆ."

ಮಾರನೆಯ ದಿನ ದಂಡೆಯ ಮೇಲಿಂದ ಎಳೆಯುವ ದೊಡ್ಡ ಬಲೆ ಹಾಕಿದರು. ಊರೆಲ್ಲ ಸೇರಿ ಎಳೆಯಿತು. ಬಲೆಯ ತುಂಬ ಬಂಗುಡೆ, ಬಿಸಿಲಿಗೆ ಬೆಳ್ಳಿಯ ಹಾಗೆ ಪಳಪಳ. ಮೊಣಕಾಲು ನೀರಿನಲ್ಲಿ ಬಲೆ ನಿಲ್ಲಿಸಿ, ಕಾಯಲು ಜಟ್ಟುವನ್ನು ಬಿಟ್ಟು, ಎಲ್ಲರೂ ಬುಟ್ಟಿ ತರಲು ಓಡಿದರು. ಮರಳಿ ಬಂದಾಗ ಬಲೆಯ ಬಾಯಿ ಬಿಚ್ಚಿತ್ತು. ಜಟ್ಟು ನೀರನ್ನೇ ನೋಡುತ್ತ ನಗುಮುಖದಿಂದ ನಿಂತಿದ್ದ.

"ಮೀನೆಲ್ಲಿ?" ಅಂದ ಗೋಯ್ದ.

"ದೊಡ್ಡದನ್ನ ಕರಕೊಂಡು ಬರಲು ಹೋಗಿವೆ, ಮಾವ. ಈಗ ಬರ್ತಾವೆ."

ಬಿರುಗಾಳಿ ಬೀಸಿದ ಅಷ್ಟು ದಿನ ಒಲೆ ಹಚ್ಚದವರು ಖಾಲಿ ಬುಟ್ಟಿ ಹೊತ್ತು ಮನೆಗೆ ನಡೆದರು. ಅದನ್ನು ಕಂಡ ಹೊನ್ನಿ ಆ ರಾತ್ರಿ ಮಗನನ್ನು ಎದುರಿಗೆ ಕೂರಿಸಿಕೊಂಡಳು.

"ಕೇಳು ಮಗಾ. ಇನ್ನು ಕೈಗೆ ಏನು ಬಂದರೂ ಗಟ್ಟಿಯಾಗಿ ಹಿಡ್ಕೋ. ನಾನು ಬಿಡು ಅನ್ನೋವರೆಗೆ ಬಿಡಬೇಡ."

"ಹಾಗೇ ಆಗಲಿ, ಅಬ್ಬೆ."

ಅವಳು ಮತ್ತೆ ಹೋಗಿ ಗೋಯ್ದನ ಬಾಗಿಲಲ್ಲಿ ನಿಂತಳು. ಅವನು, "ದೋಣಿ ಹತ್ತೋದು ಬೇಡ, ಹೊನ್ನಕ್ಕ. ನಾವು ಹತ್ತೋವರೆಗೆ ಹಗ್ಗ ಹಿಡೀಲಿ, ಸಾಕು" ಅಂದ.

ಬೆಳಗ್ಗೆ ಮಂಜು. ಕಡಲು ಯಾವುದು, ಆಕಾಶ ಯಾವುದು ಅಂತ ಹೇಳುವ ಹಾಗಿರಲಿಲ್ಲ. ಎಲ್ಲರೂ ದೋಣಿ ಹತ್ತಿದರು, ಹುಟ್ಟು ಹಾಕಿದರು. ಹಾಕಿದರು, ಹಾಕಿದರು, ತೋಳು ಸೋತವು. ಹಾಲಿನಲ್ಲಿ ತೇಲಿದಂತಿತ್ತು. ಈಗ ಅಳಿವೆ ದಾಟಿರಬೇಕು ಅಂದ ಒಬ್ಬ. ಅದರಾಚೆಯ ದ್ವೀಪವೂ ದಾಟಿರಬೇಕು ಅಂದ ಇನ್ನೊಬ್ಬ. ಬಿಸಿಲೇರಿ ಮಂಜು ಕರಗಿತು. ನೋಡಿದರೆ ಹಿಂದೆಯೇ ತಮ್ಮ ಊರು, ತಮ್ಮ ಗಾಳಿಮರಗಳು. ಸೊಂಟದ ನೀರಿನಲ್ಲಿ ಮರಳಿಗೆ ಹಿಮ್ಮಡಿ ಊರಿ, ಹಗ್ಗ ಹಿಡಿದು ಜಟ್ಟು.

ನಗಬೇಕೆಂದವರು ಮುಂದೆ ನೋಡಿ ಬಾಯಿ ಮುಚ್ಚಿದರು. ಅಳಿವೆಯ ಬಾಯಲ್ಲಿ, ಅವರು ದಿನವೂ ಹೋಗುವ ದಾರಿಯಲ್ಲೇ, ಬಿರುಗಾಳಿ ಹೊಸ ಮರಳುದಿಬ್ಬ ಎಬ್ಬಿಸಿತ್ತು. ಅಲೆಗಳು ಅದರ ಮೇಲೆ ಬಿದ್ದು ಬೆಳ್ಳಗೆ ಒಡೆಯುತ್ತಿದ್ದವು. ಮಂಜಿನಲ್ಲಿ ಅಲ್ಲಿಗೆ ಹೋಗಿದ್ದರೆ ದೋಣಿ ಹೋಳಾಗುತ್ತಿತ್ತು.

ಹಗ್ಗ ಜಗ್ಗಿಕೊಂಡು ಹಿಂದೆ ಬಂದ ಗೋಯ್ದ ಮೆಲ್ಲಗೆ ಹೇಳಿದ, "ಹತ್ತು ಮಗಾ. ಇವತ್ತಿಂದ ನೀನು ನಮ್ಮ ದೋಣಿಯವ. ಹಗ್ಗ ಬಿಡು."

"ಅಬ್ಬೆ ಹೇಳಬೇಕು, ಮಾವ."

ಒಬ್ಬ ಓಡಿ ಹೊನ್ನಿಯನ್ನು ಕರೆತಂದ. ಸುದ್ದಿ ಕೇಳಿ ಅವಳು ಅಳುತ್ತಲೇ ಬಂದಳು, ಸೀರೆ ಎತ್ತಿಕಟ್ಟಿ ನೀರಿಗಿಳಿದಳು. ಅಲೆಯೊಂದು ಬಡಿದು ತಡಬಡಿಸಿದವಳನ್ನು ಹಿಡಿದೆತ್ತಿ ದೋಣಿಯಲ್ಲಿ ಕೂರಿಸಿದರು. ಮಗನ ತಲೆ ಸವರಿ ಅವಳು ಅಂದಳು, "ಸಾಕು ಮಗಾ. ಇನ್ನು ಬಿಡು."

ಜಟ್ಟು ಬಿಟ್ಟ.

ಇಳಿತದ ನೀರು ದೋಣಿಯನ್ನು ಸರ್ರನೆ ಎಳೆದುಕೊಂಡಿತು. ಗೋಯ್ದ ಚುಕ್ಕಾಣಿ ತಿರುಗಿಸಿ ದಿಬ್ಬ ತಪ್ಪಿಸಿದ, ಆದರೆ ಆ ಸೆಳೆತಕ್ಕೆ ಎದುರಾಗಿ ಮರಳುವ ಹಾಗಿರಲಿಲ್ಲ. "ಅಲ್ಲೇ ನಿಂತಿರೋ ಮಗಾ" ಅಂತ ಕೂಗಿದಳು ಹೊನ್ನಿ. ಜೀವಮಾನವೆಲ್ಲ ಮೀನು ಮಾರಿದವಳು ಅವತ್ತೇ ಮೊದಲು ಕಡಲಿನ ನಡುವೆ ಕೂತಳು. ಎಣ್ಣೆಯಂಥ ನೀರು, ಕೆಳಗೆ ನೆರಳಿನ ಹಾಗೆ ಹಾದುಹೋಗುವ ಮೀನಿನ ಹಿಂಡು. ಬಲೆ ಎಳೆಯಲು ಅವಳೂ ಕೈ ಹಾಕಿದಳು.

ಮಧ್ಯಾಹ್ನ ದಾಟಿದ ಮೇಲೆ ಉಬ್ಬರದ ಜೊತೆಗೆ ದೋಣಿ ಮೀನು ತುಂಬಿಕೊಂಡು ಮರಳಿತು. ದಡದ ಹತ್ತಿರ ನೀರಿನ ಮೇಲೆ ತಲೆಯೊಂದು ಕಂಡಿತು, ಗಲ್ಲದವರೆಗೂ ಕಡಲು.

"ಅಯ್ಯೋ, ಅಲ್ಲೇ ನಿಂತಿರು ಅಂದರೆ ಇಷ್ಟು ಆಳಕ್ಕೆ ಯಾಕೋ ಬಂದೆ?" ಅಂದಳು ಹೊನ್ನಿ.

"ನಾನು ಅಲ್ಲೇ ಇದ್ದೇನೆ, ಅಬ್ಬೆ. ಕಡಲೇ ಎದ್ದು ಬಂತು."